ಎರಡು ಓಟಗಳ ನಡುವಣ ಬಿಡುವು

ಮೋಟಾರು ಓಟವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ವೇಗ. ಕಿವಿಗಡಚಿಕ್ಕುವ ಸದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಗುವ ಕಾರು, ಸೆಕೆಂಡಿನ ಸಾವಿರದ ಲೆಕ್ಕದಲ್ಲಿ ತೀರ್ಮಾನವಾಗುವ ಸೋಲು ಗೆಲುವು - ಇವುಗಳ ವರ್ಣನೆಯನ್ನು ನಾವು ಸಾಕಷ್ಟು ಕೇಳಿದ್ದೇವೆ. ಇಂದು ನಾನು ಹೇಳಹೊರಟಿರುವುದು ಒಂದು ಓಟ ಮುಗಿದು ಇನ್ನೊಂದು ಆರಂಭವಾಗುವವರೆಗಿನ ಬಿಡುವಿನ ವಿಚಾರ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ಪಿನ ವಾರ್ಷಿಕ ಪಟ್ಟಿಯನ್ನು ಬಿಡಿಸಿ ನೋಡಿದರೆ ಅಲ್ಲಿ ಕೆಲವು ಊರುಗಳ ಹೆಸರುಗಳೂ ತಾರೀಖುಗಳೂ ಇರುತ್ತವೆ. ಆ ತಾರೀಖುಗಳ ನಡುವೆ ಇರುವ ಖಾಲಿ ದಿನಗಳನ್ನು ಓದಲು ಕಲಿತವನಿಗೆ ಆ ಕ್ರೀಡೆಯ ಚರಿತ್ರೆಯೂ ಅದರ ಹಣಕಾಸೂ ಅದರಲ್ಲಿ ದುಡಿಯುವ ಜನರ ಪಾಡೂ ಒಟ್ಟಿಗೇ ಕಾಣಸಿಗುತ್ತವೆ.

ಈ ಚಾಂಪಿಯನ್‌ಷಿಪ್ ಆರಂಭವಾದದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಆ ವರ್ಷ ಇದ್ದದ್ದು ಏಳೇ ಓಟಗಳು. ಆರು ಯೂರೋಪಿನಲ್ಲಿ, ಒಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಮೊದಲ ಓಟವಾದ ಎಂಟೇ ದಿನಕ್ಕೆ ಮೊನಾಕೊದಲ್ಲಿ ಎರಡನೆಯದು. ಆದರೆ ಜುಲೈ 2ರಂದು ಫ್ರಾನ್ಸಿನಲ್ಲಿ ಆರನೆಯ ಓಟ ಮುಗಿದ ಮೇಲೆ ಇಟಲಿಯ ಕೊನೆಯ ಓಟಕ್ಕಾಗಿ ಸೆಪ್ಟೆಂಬರ್ 3ರವರೆಗೆ ಕಾಯಬೇಕಾಯಿತು. ಪೂರಾ ಒಂಬತ್ತು ವಾರ! 1955ರಲ್ಲಿ ಜನವರಿ 16ರಂದು ಅರ್ಜೆಂಟೀನಾದಲ್ಲಿ ಓಡಿದವರು ಮುಂದಿನ ಚಾಂಪಿಯನ್‌ಷಿಪ್ ಓಟಕ್ಕೆ ಮೊನಾಕೊದಲ್ಲಿ ಸೇರಿದ್ದು ಮೇ 22ರಂದು. ಆ ದಿನಗಳಲ್ಲಿ ಬಿಡುವೆಂದರೆ ವಿಶ್ರಾಂತಿಯೆಂದು ತಿಳಿಯಬಾರದು. ಚಾಂಪಿಯನ್‌ಷಿಪ್ಪಿಗೆ ಸೇರದ ಹತ್ತಾರು ಓಟಗಳು ನಡುವೆ ನಡೆಯುತ್ತಿದ್ದವು. ಸಂತೆಯಿಂದ ಸಂತೆಗೆ ಗಾಡಿ ಕಟ್ಟುವ ವ್ಯಾಪಾರಿಗಳಂತೆ ಚಾಲಕರು ಬಹುಮಾನದ ಹಣವಿದ್ದಲ್ಲಿಗೆ ಹೋಗುತ್ತಿದ್ದರು. ಅಂಥ ಓಟಗಳಲ್ಲಿ ಕೊನೆಯದು 1983ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ನಡೆಯಿತು. ಅಲ್ಲಿಂದ ಮುಂದೆ ಪಟ್ಟಿಯಲ್ಲಿರುವುದಷ್ಟೇ ಓಟ.

ಈ ಪಟ್ಟಿ ಬೆಳೆದ ಪರಿಯನ್ನು ನೋಡಿ. 1950ರ ಏಳು, 1977ರಲ್ಲಿ ಹದಿನೇಳಾಯಿತು, 2024ರಲ್ಲಿ ಇಪ್ಪತ್ತನಾಲ್ಕು. ಮಾರ್ಚ್ 2ರಂದು ಬಹರೇನಿನಲ್ಲಿ ತೊಡಗಿದ ಆ ವರ್ಷದ ಓಟಗಳು ಡಿಸೆಂಬರ್ 8ರಂದು ಅಬುಧಾಬಿಯಲ್ಲಿ ಮುಗಿದವು. ನಲವತ್ತೊಂದು ವಾರಾಂತ್ಯಗಳು, ಇಪ್ಪತ್ತನಾಲ್ಕು ಓಟಗಳು. ಉಳಿದ ಹದಿನೇಳನ್ನು ಎಲ್ಲೆಲ್ಲಿ ಇಡಬೇಕೆಂಬುದೇ ಪಟ್ಟಿ ರಚಿಸುವವರ ತಲೆನೋವು.

ಏಕೆಂದರೆ ತಾರೀಖುಗಳನ್ನು ಮನಬಂದಂತೆ ಹಂಚಲು ಬರುವುದಿಲ್ಲ. ಮೊದಲನೆಯದಾಗಿ ಋತುಮಾನ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಿಮ ಕರಗದೆ ಓಟವಿಲ್ಲ. ಜಪಾನಿನ ಸುಜುಕಾದಲ್ಲಿ ಅಕ್ಟೋಬರ್ ಎಂದರೆ ಚಂಡಮಾರುತದ ಭಯ. 2019ರಲ್ಲಿ ಬಿರುಗಾಳಿಯ ಕಾರಣ ಶನಿವಾರದ ಕಾರ್ಯಕ್ರಮವೆಲ್ಲ ರದ್ದಾಗಿ, ಅರ್ಹತಾ ಸುತ್ತನ್ನೂ ಓಟವನ್ನೂ ಒಂದೇ ಭಾನುವಾರ ನಡೆಸಬೇಕಾಯಿತು. 2024ರಲ್ಲಿ ಜಪಾನಿನ ಓಟವನ್ನು ಏಪ್ರಿಲ್ ತಿಂಗಳಿಗೆ ತಂದರು. ಹತ್ತಿರದ ದೇಶಗಳ ಓಟಗಳನ್ನು ಹತ್ತಿರ ಹತ್ತಿರ ಇಡಬೇಕೆಂಬುದು ಉದ್ದೇಶ, ಚಂಡಮಾರುತದ ಕಾಟ ತಪ್ಪಿದ್ದು ಲಾಭ. ಎರಡನೆಯದಾಗಿ ಧರ್ಮದ ಆಚರಣೆ. 2024ರಲ್ಲಿ ರಂಜಾನ್ ಮಾಸಕ್ಕೆ ಮೊದಲೇ ಸೌದಿ ಅರೇಬಿಯದ ಓಟ ಮುಗಿಯಬೇಕೆಂದು ಅದನ್ನು ಭಾನುವಾರದಿಂದ ಶನಿವಾರಕ್ಕೆ, ಮಾರ್ಚ್ 9ಕ್ಕೆ, ತಂದರು. ಎರಡು ಓಟಗಳ ನಡುವೆ ಒಂದು ವಾರವಾದರೂ ಇರಬೇಕಷ್ಟೆ. ಆದ್ದರಿಂದ ಅದರ ಹಿಂದಿನ ಬಹರೇನಿನ ಓಟವೂ ಒಂದು ದಿನ ಹಿಂದೆ ಸರಿದು ಶನಿವಾರಕ್ಕೆ ಬಂತು. ಒಂದು ತಾರೀಖನ್ನು ಮುಟ್ಟಿದರೆ ಪಕ್ಕದ್ದೂ ಅಲುಗುತ್ತದೆ.

ಮೂರನೆಯದು ಸಾಗಣೆ. ಯೂರೋಪಿನೊಳಗೆ ಲಾರಿಗಳ ಸಾಲು ಸಾಕು. ಸಮುದ್ರ ದಾಟಬೇಕಾದಾಗ ಕಾರುಗಳೂ ಬೆಲೆಬಾಳುವ ಯಂತ್ರಗಳೂ ವಿಮಾನದಲ್ಲಿ ಹೋಗುತ್ತವೆ; ಮೇಜು, ಬೀರು, ಅಡುಗೆ ಸಾಮಾನು ಮೊದಲಾದ ಭಾರದ ವಸ್ತುಗಳ ಒಂದೇ ಬಗೆಯ ಹಲವು ಕಂತೆಗಳು ವಾರಗಳ ಮೊದಲೇ ಬೇರೆ ಬೇರೆ ಹಡಗುಗಳಲ್ಲಿ ಹೊರಟಿರುತ್ತವೆ. ಇಲ್ಲಿ ಓಟ ನಡೆಯುತ್ತಿರುವಾಗಲೇ ಮುಂದಿನ ಊರಿನ ಡೇರೆ ನೀರಿನ ಮೇಲಿರುತ್ತದೆ.

ಸಾಮಾನುಗಳ ಕಂತೆಯನ್ನು ಎರಡು ಮೂರು ಮಾಡಬಹುದು. ಮನುಷ್ಯನನ್ನು ಹಾಗೆ ಮಾಡಲು ಬಾರದು. ಸತತ ಮೂರು ವಾರಾಂತ್ಯಗಳಲ್ಲಿ ಮೂರು ದೇಶಗಳಲ್ಲಿ ಓಡುವ ಪ್ರಯೋಗ ಮೊದಲು ನಡೆದದ್ದು 2018ರಲ್ಲಿ: ಫ್ರಾನ್ಸ್, ಆಸ್ಟ್ರಿಯ, ಬ್ರಿಟನ್. ಮರುವರ್ಷ ಅದನ್ನು ಕೈಬಿಟ್ಟರು. ಆದರೆ 2020ರಲ್ಲಿ ಮಹಾಮಾರಿಯಿಂದ ಅರ್ಧ ವರ್ಷವೇ ಹಾಳಾಗಿ, ಜುಲೈ 5ರಿಂದ ಡಿಸೆಂಬರ್ 13ರೊಳಗೆ ಹದಿನೇಳು ಓಟಗಳನ್ನು ತುರುಕಬೇಕಾಗಿ ಬಂದಾಗ ಅಂಥ ತ್ರಿವಳಿಗಳು ನಾಲ್ಕಾದವು. ಆಪತ್ಕಾಲದ ಧರ್ಮ ಆಪತ್ತು ಕಳೆದ ಮೇಲೂ ಉಳಿಯಿತು. 2024ರ ಕೊನೆಯ ಆರು ಓಟಗಳು ಎರಡು ತ್ರಿವಳಿಗಳಾಗಿಯೇ ಬಂದವು. ನವೆಂಬರ್ 23ರ ಶನಿವಾರ ರಾತ್ರಿ ಲಾಸ್ ವೇಗಾಸ್‌ನಲ್ಲಿ ಓಟ, ಮರುವಾರ ಕತಾರ್. ಈ ಎರಡು ಊರುಗಳ ಗಡಿಯಾರಗಳ ನಡುವೆ ಹನ್ನೊಂದು ಗಂಟೆಗಳ ಅಂತರ. ಚಾಲಕನಿಗೆ ಖಾಸಗಿ ವಿಮಾನವಿರಬಹುದು. ಚಕ್ರ ಬದಲಿಸುವ, ಕಾರು ಬಿಚ್ಚಿ ಪೆಟ್ಟಿಗೆಗೆ ತುಂಬುವ ಮೆಕ್ಯಾನಿಕ್ಕಿಗೆ ಇರುವುದು ನಿದ್ದೆಗೆಟ್ಟ ಕಣ್ಣುಗಳು, ಮನೆಯಲ್ಲಿ ಅಪ್ಪನ ದಾರಿ ಕಾಯುವ ಮಕ್ಕಳು. ರಾತ್ರಿ ಇಂತಿಷ್ಟು ಹೊತ್ತು ಕೆಲಸ ಮಾಡಕೂಡದೆಂಬ ನಿಯಮ 2011ರಲ್ಲಿ ಬಂತು. ಬೇಸಿಗೆಯಲ್ಲಿ ಹದಿನಾಲ್ಕು ದಿನ ತಂಡಗಳ ಕಾರ್ಖಾನೆಗಳು ಬಾಗಿಲು ಹಾಕಬೇಕೆಂಬ ನಿಯಮವೂ ಇದೆ. ಬಿಡುವನ್ನು ಕಾನೂನಿನಿಂದಲೇ ಕೊಡಿಸಬೇಕಾಗಿದೆ ಎಂಬುದನ್ನು ನಾವು ಗಮನಿಸಬೇಕು.

ಬಿಡುವಿನ ಅಳತೆ ಕೆಲವೊಮ್ಮೆ ಗೆಲುವಿನ ಅಳತೆಯೂ ಆಗುತ್ತದೆ. 1976ರ ಆಗಸ್ಟ್ 1ರಂದು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಉರಿಯುವ ಕಾರಿನೊಳಗೆ ಸಿಕ್ಕಿಕೊಂಡ. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಅಂತಿಮ ವಿಧಿಯನ್ನೂ ನೆರವೇರಿಸಿದ್ದಾಯಿತು. ಅದಾದ ನಲವತ್ತೆರಡನೆಯ ದಿನ, ಮಾಯದ ಗಾಯಗಳೊಡನೆ, ಅವನು ಇಟಲಿಯ ಮೊಂಜಾದಲ್ಲಿ ಓಡಿ ನಾಲ್ಕನೆಯವನಾದ. ಆ ಆರು ವಾರಗಳಲ್ಲಿ ಅವನು ತಪ್ಪಿಸಿಕೊಂಡದ್ದು ಎರಡೇ ಓಟ. ಆಗ ಓಟಗಳು ಎರಡು ವಾರಕ್ಕೊಮ್ಮೆ ಬರುತ್ತಿದ್ದುದೇ ಅದಕ್ಕೆ ಕಾರಣ. ಕೊನೆಗೆ ಚಾಂಪಿಯನ್ ಪಟ್ಟ ಕೈತಪ್ಪಿದ್ದು ಒಂದೇ ಒಂದು ಅಂಕದಿಂದ. 2024ರ ಜೂನ್ 23ರಂದು ಸ್ಪೇನಿನಲ್ಲಿ ಗಾಯಗೊಂಡು ಆರು ವಾರ ಮಲಗಿದವನೊಬ್ಬ ಇದ್ದಿದ್ದರೆ ನಾಲ್ಕು ಓಟಗಳನ್ನು ಕಳೆದುಕೊಳ್ಳುತ್ತಿದ್ದ. ಅದೇ ವರ್ಷ ಮಾರ್ಚ್‌ನಲ್ಲಿ ಕಾರ್ಲೋಸ್ ಸೈನ್ಸ್‌ಗೆ ಜೆಡ್ಡಾದಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿನ ಓಟಕ್ಕೂ ಮುಂದಿನದಕ್ಕೂ ನಡುವೆ ಹದಿನೈದು ದಿನಗಳಿದ್ದವು. ಅವನು ಒಂದನ್ನು ಮಾತ್ರ ತಪ್ಪಿಸಿಕೊಂಡು, ಮೆಲ್ಬರ್ನ್‌ನಲ್ಲಿ ಗೆದ್ದೇಬಿಟ್ಟ. ನಡುವಿನ ಆ ಖಾಲಿ ಭಾನುವಾರ ಅವನ ಪಾಲಿಗೆ ವರವಾಯಿತು.

ಇನ್ನೊಂದು ಬಗೆಯ ಬಿಡುವೂ ಉಂಟು. 1994ರ ಏಪ್ರಿಲ್ 30ರಂದು ಇಮೋಲಾದಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ತೀರಿಕೊಂಡ. ಮರುದಿನ ಆಯರ್ಟನ್ ಸೆನ್ನಾ. ಎರಡು ವಾರಗಳಲ್ಲಿ ಮೊನಾಕೊದ ಓಟ ಬಂದೇಬಂತು. ಅಲ್ಲಿ ಮೊದಲ ಸಾಲಿನ ಎರಡು ಜಾಗಗಳನ್ನು ಖಾಲಿ ಬಿಟ್ಟರು. ಪಟ್ಟಿ ಕೊಡದಿದ್ದ ತೆರವನ್ನು ರಸ್ತೆಯ ಮೇಲೆ ಮಾಡಿಕೊಂಡರೆಂದು ನನಗೆ ಅನಿಸುತ್ತದೆ. ಶೋಕಕ್ಕೆ ಎಷ್ಟು ದಿನ ಬೇಕೆಂಬುದನ್ನು ಯಾವ ಸಮಿತಿ ಗೊತ್ತುಮಾಡೀತು?

ನಮ್ಮ ದೇಶಕ್ಕೂ ಈ ಲೆಕ್ಕ ತಟ್ಟಿದೆ. ಗ್ರೇಟರ್ ನೊಯಿಡಾದ ಬುದ್ಧ ಸರ್ಕೀಟಿನಲ್ಲಿ 2011, 2012, 2013ರ ಅಕ್ಟೋಬರ್ ಕೊನೆಯಲ್ಲಿ, ಮಳೆಗಾಲ ಕಳೆದ ಮೇಲೆ, ಮೂರು ಓಟಗಳು ನಡೆದವು. ಬಳಿಕ ಅದನ್ನು ವರ್ಷದ ಆರಂಭಕ್ಕೆ ತರಬೇಕೆಂಬ ಮಾತು ಬಂತು. ಅಕ್ಟೋಬರಿನಲ್ಲಿ ಒಂದು, ಐದಾರು ತಿಂಗಳೊಳಗೆ ಇನ್ನೊಂದು ನಡೆಸುವುದು ಕಷ್ಟವೆಂದು 2014ನ್ನು ಬಿಟ್ಟು 2015ರಲ್ಲಿ ನಡೆಸುವುದೆಂದಾಯಿತು. ತೆರಿಗೆಯ ವ್ಯಾಜ್ಯವೂ ಬೆನ್ನಿಗಿತ್ತು. 2015 ಬಂತು, ಹೋಯಿತು, ಓಟ ಬರಲಿಲ್ಲ. ಒಂದು ವರ್ಷದ ಬಿಡುವೆಂದು ಹೇಳಿದ್ದು ಹತ್ತು ವರ್ಷಗಳನ್ನೂ ಮೀರಿ ಬೆಳೆದಿದೆ.

ಹೀಗೆ ಬಿಡುವು ಅತಿಯಾದರೆ ಆಟ ಮರೆತುಹೋಗುತ್ತದೆ. ತೀರ ಕಡಮೆಯಾದರೆ ಆಡುವವರು ಸವೆದುಹೋಗುತ್ತಾರೆ. ಓಟವೊಂದು ಹೆಚ್ಚಿದರೆ ಆತಿಥ್ಯ ವಹಿಸುವ ಊರು ಕೊಡುವ ಹಣವೂ ಹೆಚ್ಚುವುದರಿಂದ ಪಟ್ಟಿ ತುಂಬುತ್ತ ಹೋಗುವುದು ಸಹಜ. ಆದರೆ ಕಾಯುವುದೂ ನೋಡುವವನ ಸಂತೋಷದ ಒಂದು ಭಾಗವೆಂಬುದನ್ನು ಯಾವುದೇ ಉತ್ಸವವನ್ನು ಎದುರು ನೋಡಿದವರು ಬಲ್ಲರು. ಮುಂದಿನ ಸಲ ಅಂಥದೊಂದು ಪಟ್ಟಿ ಪತ್ರಿಕೆಯಲ್ಲಿ ಕಂಡಾಗ, ಅಚ್ಚಾಗಿರುವ ತಾರೀಖುಗಳ ಜೊತೆಗೆ ಅಚ್ಚಾಗದೆ ಉಳಿದ ಭಾನುವಾರಗಳನ್ನೂ ಎಣಿಸಿ ನೋಡಿ. ಗಾಯ ಮಾಯುವುದು, ಹಡಗು ದಡ ಸೇರುವುದು, ಮೆಕ್ಯಾನಿಕ್ಕು ಮನೆಗೆ ಹೋಗಿ ಬರುವುದು ಆ ಭಾನುವಾರಗಳಲ್ಲಿಯೇ.