ಓದು ಬಾರದ ತಾಯಿಯೂ ಮಗುವಿಗೆ ಪುಸ್ತಕ ತೋರಿಸಬಹುದು

(ಬಿಳೇಕಹಳ್ಳಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲ, ಮರುಪಾವತಿ ಲೆಕ್ಕ ಎಲ್ಲ ಮುಗೀತು. ಈಗ ಮಕ್ಕಳ ಚಿತ್ರಪುಸ್ತಕದ ಬಗ್ಗೆ ಸ್ವಲ್ಪ ಮಾತಾಡೋಣ. ಕಾರಣ ಇದೆ. ಹೋದ ತಿಂಗಳು ಸಭೆ ಮುಗಿದ ಮೇಲೆ ನಮ್ಮ ಒಬ್ಬ ಸದಸ್ಯೆ ಹಿಂದೆ ಉಳಿದುಕೊಂಡರು. "ಸಿಸ್ಟರ್, ಎರಡನೇ ಕ್ಲಾಸಿನ ಮಗಳು ಪುಸ್ತಕ ತಂದು ತೋರಿಸ್ತಿದ್ಲು. ನಂಗೆ ಓದಕ್ಕೆ ಬರಲ್ಲ, ಹೋಗಿ ಆಡ್ಕೋ ಅಂತಿದ್ದೆ. ಈಗ ತೋರಿಸೋದೇ ಇಲ್ಲ. ‘ನಿಂಗೇನ್ ಗೊತ್ತಾಗತ್ತೆ ಬಿಡಮ್ಮ’ ಅಂತಾಳೆ" ಅಂದರು. ಏಳು ವರ್ಷದ ಮಗು ಹೀಗಂದರೆ ಹದಿನೈದನೇ ವರ್ಷದಲ್ಲಿ ಏನನ್ನಬಹುದು? ಆಗ ಅವಳ ಕಷ್ಟಸುಖ ತಾಯಿಗೆ ಹೇಳ್ತಾಳಾ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಪುಸ್ತಕ ನೋಡಿ. ಇಂಗ್ಲಿಷಿನದು, ಹೆಸರು ‘ರೋಸೀಸ್ ವಾಕ್’. ಪ್ಯಾಟ್ ಹಚಿನ್ಸ್ ಅನ್ನುವ ಹೆಣ್ಣುಮಗಳು 1960ರ ದಶಕದಲ್ಲಿ ಬರೆದು, ತಾನೇ ಚಿತ್ರ ಬಿಡಿಸಿದ್ದು. ಇಡೀ ಪುಸ್ತಕದಲ್ಲಿ ಇರೋದು ಒಂದೇ ವಾಕ್ಯ. ಒಂದು ಕೋಳಿ ಅಂಗಳ ದಾಟಿ, ಕೆರೆ ಸುತ್ತಿ, ಹುಲ್ಲಿನ ಬಣವೆ ಹತ್ತಿಳಿದು ಊಟದ ಹೊತ್ತಿಗೆ ಮನೆ ಸೇರುತ್ತೆ. ಅಷ್ಟೇ. ಆದರೆ ಚಿತ್ರದಲ್ಲಿ? ಕೋಳಿಯ ಹಿಂದೆಯೇ ಒಂದು ನರಿ! ಹಾರಿ ಹಿಡಿಯೋಕೆ ಹೋಗಿ ಕುಂಟೆಯ ಮೇಲೆ ಕಾಲಿಟ್ಟು ಮೂತಿಗೆ ಏಟು ತಿನ್ನುತ್ತೆ, ನೀರಿಗೆ ಬೀಳುತ್ತೆ, ಮೈಮೇಲೆ ಹಿಟ್ಟು ಸುರಿದುಕೊಳ್ಳುತ್ತೆ, ಕೊನೆಗೆ ಜೇನುನೊಣ ಅಟ್ಟಿಸಿಕೊಂಡು ಹೋಗುತ್ತವೆ. ಕೋಳಿ ತಿರುಗಿಯೂ ನೋಡಲ್ಲ. ನರಿ ಅನ್ನುವ ಮಾತು ಅಕ್ಷರದಲ್ಲಿ ಒಂದು ಕಡೆಯೂ ಇಲ್ಲ.

ಮಕ್ಕಳ ಸಾಹಿತ್ಯದ ಅಧ್ಯಯನ ಮಾಡುವವರು ಮತ್ತೆ ಮತ್ತೆ ಈ ಪುಸ್ತಕದ ಉದಾಹರಣೆ ಕೊಡ್ತಾರೆ. ಒಳ್ಳೆಯ ಚಿತ್ರಪುಸ್ತಕದಲ್ಲಿ ಚಿತ್ರ ಬರೀ ಅಲಂಕಾರ ಅಲ್ಲ, ಕಥೆಯ ಅರ್ಧ ಭಾಗ ಅದರಲ್ಲೇ ಇರುತ್ತೆ ಅನ್ನೋದು ಅವರ ಮಾತು. ಅಕ್ಷರ ಮಾತ್ರ ಓದಿದವರಿಗೆ ಇಲ್ಲಿ ನರಿ ಸಿಗೋದೇ ಇಲ್ಲ. ಎಂ.ಎಸ್.ಡಬ್ಲ್ಯೂ. ಓದಿದ ನಾನೇ ಮೊದಲ ಸಲ ಗಡಿಬಿಡಿಯಲ್ಲಿ ಓದಿ, ಇದೇನು ಸಪ್ಪೆ ಕಥೆ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ!

ಆ ಸದಸ್ಯೆಗೆ ಇದನ್ನೇ ಕೊಟ್ಟು ಕಳಿಸಿದೆ. ಮಗಳು ಬೆರಳಿಟ್ಟು ಅಕ್ಷರ ಕೂಡಿಸ್ತಾ ಕೂತಿದ್ದಾಗ ತಾಯಿ "ಏ, ನರಿ ನೋಡೇ!" ಅಂದರಂತೆ. ಆಮೇಲೆ ಇಬ್ಬರೂ ಮೊದಲಿಂದ ಪುಟ ತಿರುವಿ ನರಿ ಹುಡುಕಿದರಂತೆ. ಒಂದು ಪುಸ್ತಕದಿಂದ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಆದರೆ ಮಾರನೇ ದಿನ ಹುಡುಗಿ ಪುಸ್ತಕ ಹಿಡ್ಕೊಂಡು ತಾನಾಗೇ ಬಂದು ತಾಯಿಯ ಪಕ್ಕ ಕೂತಳು.

ನಮ್ಮ ಕನ್ನಡದಲ್ಲೂ ಈ ಕೆಲಸ ಹೊಸದಲ್ಲ. ಬಂಟ್ವಾಳದ ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದುಕೊಂಡೇ ಮಕ್ಕಳಿಗಾಗಿ ಕಥೆ, ಪದ್ಯ ಬರೆದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು. ಅಂಥ ದೊಡ್ಡ ಪುಸ್ತಕಗಳು ಕೂಲಿ ಮಾಡುವವರ ಮನೆಗೆ ಬರುವುದು ಕಷ್ಟವಿತ್ತು. 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಗೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕ ಮಾಡಿತು. ಉದ್ದ ಕೂದಲಿನ ಶೃಂಗೇರಿ ಶ್ರೀನಿವಾಸನ ಕಥೆ ಅವರದೇ. ಪಾಪ, ಅವನ ಕೂದಲು ಕತ್ತರಿಸೋಕೆ ಯಾರಿಗೂ ಪುರುಸೊತ್ತಿಲ್ಲ! 2015ರಿಂದ ಅವರ ‘ಸ್ಟೋರಿವೀವರ್’ನಲ್ಲಿ ಪುಸ್ತಕಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಒಂದನೇ ಹಂತದ ಪುಸ್ತಕಗಳಲ್ಲಿ ಮಾತು ತೀರಾ ಕಡಿಮೆ. ಅಲ್ಲಿಂದ ಶುರು ಮಾಡಿ. ಆದರೂ ಕೈಯಲ್ಲಿ ಹಿಡಿದು ಪುಟ ತಿರುವೋ ಪುಸ್ತಕವೇ ನನಗೆ ಇಷ್ಟ. ಮೊಬೈಲಿಗೆ ಮಧ್ಯೆ ಫೋನ್ ಬರುತ್ತೆ.

ನಿಮ್ಮಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ತಮಿಳು. ಚಿಂತೆ ಬೇಡ, ಚಿತ್ರಕ್ಕೆ ಭಾಷೆ ಇಲ್ಲ. ನಿಮಗೆ ಬಂದ ಮಾತಿನಲ್ಲೇ ಹೇಳಿ. ಮೊದಲು ರಕ್ಷಾಪುಟ ತೋರಿಸಿ, ಒಳಗೆ ಏನಿರಬಹುದು ಅಂತ ಕೇಳಿ. ಪುಟವನ್ನು ಮಗುವೇ ತಿರುವಲಿ, ಅವಸರ ಮಾಡಬೇಡಿ. ‘ಇವನು ಯಾಕೆ ಸಿಟ್ಟಾಗಿದ್ದಾನೆ? ಮುಂದೇನಾಗಬಹುದು?’ ಅಂತ ಕೇಳಿ. ಮಗು ತಪ್ಪು ಹೇಳಿದರೂ ತಿದ್ದಬೇಡಿ. ಕಥೆ ಮುಗಿದ ತಕ್ಷಣ ‘ನೀತಿ ಏನು?’ ಅಂತಲೂ ಕೇಳಬೇಡಿ. ಅದರಲ್ಲಿ ನಾವು ಸಿಸ್ಟರ್‌ಗಳೇ ಮುಂದು, ಮಕ್ಕಳು ಓಡಿಹೋಗೋದೂ ಅದಕ್ಕೇ.

ಇನ್ನೊಂದು ಮಾತು. ಫುಟ್‌ಪಾತಿನಲ್ಲಿ ಸಿಗುವ, ಪುಟಕ್ಕೊಂದು ಹಣ್ಣು, ಪುಟಕ್ಕೊಂದು ಪ್ರಾಣಿ ಇರುವ ಪುಸ್ತಕ ಹೆಸರು ಕಲಿಯೋಕೆ ಆಗುತ್ತೆ, ಇರಲಿ. ಆದರೆ ಅದರಲ್ಲಿ ಕಥೆ ಇಲ್ಲ. ಎರಡು ದಿನಕ್ಕೆ ಮಗುವಿಗೆ ಬೇಜಾರು.

"ಪುಸ್ತಕಕ್ಕೆ ದುಡ್ಡೆಲ್ಲಿ ಸಿಸ್ಟರ್?" ಅಂತ ಆಗಲೇ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಉಳಿತಾಯದ ಹಣ ಮುಟ್ಟೋದು ಬೇಡ. ಸಭೆಗೆ ತಡವಾಗಿ ಬಂದವರ ಹತ್ತಿರ ದಂಡ ತಗೋತೀರಲ್ಲ, ಅದನ್ನು ಇದಕ್ಕೆ ಇಡಬಹುದಾ ಅಂತ ಚರ್ಚೆ ಮಾಡಿ, ಒಪ್ಪಿಗೆಯಾದರೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಹತ್ತು ಪುಸ್ತಕ ಬಂದರೆ ಒಂದು ಪೆಟ್ಟಿಗೆ ಸಾಕು. ವಾರಕ್ಕೊಂದು ಮನೆಗೆ ಒಂದೊಂದು ಪುಸ್ತಕ ಹೋಗಲಿ. ಲೆಕ್ಕವನ್ನು ಹೈಸ್ಕೂಲಿಗೆ ಹೋಗೋ ನಿಮ್ಮ ಹೆಣ್ಣುಮಕ್ಕಳೇ ಬರೆಯಲಿ. ಪುಸ್ತಕ ಹರಿಯುತ್ತೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹರಿದರೆ ಅಂಟಿಸೋಣ.

ಈಗ ಈ ಕೋಳಿ ಪುಸ್ತಕ ಹಿಂದಿನ ಸಾಲಿನಿಂದ ಬರಲಿ. ಅಕ್ಷರ ಬಲ್ಲವರು ದಯವಿಟ್ಟು ಸುಮ್ಮನಿರಿ, ನರಿ ಎಲ್ಲಿದೆ ಅಂತ ಮಿಕ್ಕವರು ಹೇಳ್ತಾರೆ.