ಬೆಂಗಳೂರನ್ನು ಹೆತ್ತ ಊರು ಎಲಹಂಕ



ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಹೆಬ್ಬಾಳ, ಜಕ್ಕೂರು ದಾಟಿದ ಮೇಲೆ ಎಲಹಂಕ. ವಿಮಾನ ಹಿಡಿಯುವ ಅವಸರದವರು ಮೇಲ್ಸೇತುವೆಯಲ್ಲೇ ಸಾಗಿಬಿಡುತ್ತಾರೆ. ಬೆಂಗಳೂರು ಬೆಳೆಯುತ್ತ ಬಂದು ನುಂಗಿದ ಒಂದು ಬಡಾವಣೆ ಎಂದೇ ಬಹಳ ಮಂದಿ ಈ ಊರನ್ನು ತಿಳಿದಿದ್ದಾರೆ. ಆದರೆ ಬೆಂಗಳೂರು ಪೇಟೆ ಕಟ್ಟಿದವರು ಹೊರಟದ್ದೇ ಇಲ್ಲಿಂದ.

ಚೋಳರ ಕಾಲದ ತಮಿಳು ಶಾಸನಗಳು ಈ ಸೀಮೆಯನ್ನು ಇಲೈಪಕ್ಕ ನಾಡು ಎಂದು ಕರೆಯುತ್ತವೆ. ಮುಂದೆ ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆ ನಿಂತ ಮೊರಸು ಒಕ್ಕಲಿಗರ ಮನೆತನದ ಒಂದು ಕವಲು ಎಲಹಂಕಕ್ಕೆ ಬಂತು. 15ನೇ ಶತಮಾನದಲ್ಲಿ ಜಯಗೌಡರು ವಿಜಯನಗರದ ಅರಸರಿಗೆ ಅಧೀನರಾಗಿ ಇಲ್ಲಿಂದ ನಾಡನ್ನು ಆಳಿದರು. ಅದೇ ವಂಶದ ಕೆಂಪೇಗೌಡರು 1537ರಲ್ಲಿ ದಕ್ಷಿಣಕ್ಕೆ ಹೋಗಿ ಬೆಂಗಳೂರಿನ ಮಣ್ಣಿನ ಕೋಟೆ ಹಾಕಿಸಿ, ಒಳಗೆ ಕಸುಬಿಗೊಂದರಂತೆ ಪೇಟೆಗಳನ್ನು ಮಾಡಿಸಿದರು: ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ. ಬರೀ ಬೇಸಾಯದ ಆದಾಯ ನೆಚ್ಚಿಕೊಂಡ ಪಾಳೆಯಗಾರನೊಬ್ಬ ಹೀಗೆ ಯೋಚಿಸುತ್ತಿರಲಿಲ್ಲ. ವ್ಯಾಪಾರಕ್ಕೆಂದೇ ಊರು ಕಟ್ಟಬೇಕೆಂಬ ದೂರದೃಷ್ಟಿ ಅವರದು. 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಸೇರಿತು, ವಂಶ ಮಾಗಡಿಗೆ ಸರಿಯಿತು. ಆದರೂ 'ಎಲಹಂಕ ನಾಡಪ್ರಭು' ಎಂಬ ಬಿರುದನ್ನು ಮಾತ್ರ ಅವರು ಬಿಡಲಿಲ್ಲ. ತವರಿನ ಹೆಸರನ್ನು ಅಷ್ಟು ಜತನದಿಂದ ಹೊತ್ತವರು ಅವರು.

ರಾಜಧಾನಿ ಹೋದ ಮೇಲೆ ಎಲಹಂಕ ರಾಗಿ ಹೊಲಗಳ, ದ್ರಾಕ್ಷಿ ತೋಟಗಳ ಊರಾಗಿ ಉಳಿಯಿತು. 19ನೇ ಶತಮಾನದ ಕೊನೆಗೆ ಹಿಂದೂಪುರದ ಕಡೆಯ ರೈಲು ಬಂತು. ಆಮೇಲೆ ದೇವನಹಳ್ಳಿ, ನಂದಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯೂ ಬಂತು.

ಊರಿನ ರೂಪ ನಿಜಕ್ಕೂ ಬದಲಾದದ್ದು 1980ರ ದಶಕದಲ್ಲಿ. 1984ರಲ್ಲಿ ಇಲ್ಲಿನ ಗಾಲಿ ಮತ್ತು ಅಚ್ಚು ಕಾರ್ಖಾನೆ ಕೆಲಸ ಆರಂಭಿಸಿತು. ರೈಲ್ವೆಯ ಹಳೇ ಗುಜರಿ ಕಬ್ಬಿಣವನ್ನೇ ಕರಗಿಸಿ, ಎರಕದ ಅಚ್ಚಿಗೆ ಸುರಿದು, ಹೊಸ ಗಾಲಿ ಎರೆಯುತ್ತಾರೆ. ದೇಶದ ಯಾವ ಮೂಲೆಯಲ್ಲಿ ರೈಲು ಹತ್ತಿದರೂ ನಿಮ್ಮ ಕೆಳಗೆ ಉರುಳುತ್ತಿರುವ ಗಾಲಿ ಎಲಹಂಕದ್ದಾಗಿರಬಹುದು. ಗೃಹ ಮಂಡಳಿ ಕಟ್ಟಿದ ಉಪನಗರಕ್ಕೆ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳ ನೌಕರರು ಬಂದು ನೆಲೆಸಿದರು. ಇಲ್ಲಿನ ವಾಯುಪಡೆಯ ನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಆ ದಿನಗಳಲ್ಲಿ ಊರಿನ ತಾರಸಿಗಳ ಮೇಲೆಲ್ಲ ಜನ.

ಇಲ್ಲಿನ ಎನ್‌ಇಎಸ್ ಎಂಬ ಬಸ್ ನಿಲ್ದಾಣದ ಮಾತು ಹೇಳಲೇಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹಳ್ಳಿಗಳ ಏಳಿಗೆಗೆ ಶುರುವಾದ ರಾಷ್ಟ್ರೀಯ ವಿಸ್ತರಣಾ ಸೇವೆಯ ಹೆಸರದು. ಯೋಜನೆ ಎಂದೋ ಮುಗಿಯಿತು, ಕಂಡಕ್ಟರ್‌ಗಳು ಇಂದಿಗೂ ಅದನ್ನೇ ಕೂಗುತ್ತಾರೆ.

2007ರಲ್ಲಿ ಎಲಹಂಕ ನಗರಸಭೆ ಬೃಹತ್ ಬೆಂಗಳೂರಿನಲ್ಲಿ ಸೇರಿತು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಸೈಟಿನ ಬೆಲೆ ಏರಿತು, ತೋಟಗಳು ಕರಗಿದವು. ಉಳಿದದ್ದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಪುಟ್ಟೇನಹಳ್ಳಿ ಕೆರೆ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು.

ಎಲಹಂಕದಲ್ಲೇ ಇರುವವರಲ್ಲಿ ಒಂದು ವಿನಂತಿ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹಳೇ ಊರಿನ ಬೀದಿಗಳಲ್ಲಿ ನಡೆದು ಬನ್ನಿ. ಜಗಲಿಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ.