ಹಕೀಮಜ್ಜ ಕಲಿತ ಶಾಲೆ

ಬೀದರ, ಭಾಲ್ಕಿ, ಔರಾದ ಕಡೆಯ ಹಳೆಯ ಮನೆತನಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುವುದುಂಟು: “ನಮ್ಮ ಹಿರಿಯರೊಬ್ಬರು ಆ ಕಾಲಕ್ಕೇ ದೊಡ್ಡ ಡಾಕ್ಟರಾಗಿದ್ದರು.” ಅವರು ಎಲ್ಲಿ ಕಲಿತರು ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಒಬ್ಬರು ಮುಂಬಯಿ ಎನ್ನುತ್ತಾರೆ. ಇನ್ನೊಬ್ಬರು ವಿಲಾಯತಿಗೇ ಹೋಗಿಬಿಡುತ್ತಾರೆ. ನಮ್ಮ ಮನೆತನದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಅಂಥ ಹಿರಿಯರೊಬ್ಬರಿದ್ದರು. ಅವರ ಹೆಸರಿಗಿಂತ ಹೆಚ್ಚಾಗಿ ಮನೆಯವರ ನಾಲಗೆಯ ಮೇಲೆ ಉಳಿದದ್ದು ‘ಹಕೀಮಜ್ಜ’ ಎಂಬ ಕರೆ. ಆ ಕರೆಯನ್ನೇ ಹಿಡಿದುಕೊಂಡು ಅವರು ಕಲಿತ ಶಾಲೆಯನ್ನು ಹುಡುಕಬಹುದೆ ಎಂಬುದು ಈ ಭಾಷಣದ ವಿಷಯ.

ಹಕೀಮ ಎಂದೊಡನೆ ಯುನಾನಿ ವೈದ್ಯ ಎಂದು ತಿಳಿಯುವುದು ರೂಢಿ. ಅದಕ್ಕೆ ಕಾರಣವೂ ಇದೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಬೀದರಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದನೆಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ವೈದ್ಯ, ಹಕೀಮ ಎಂಬ ಎರಡು ಮಾತುಗಳು ನಮ್ಮ ಊರಿನಲ್ಲಿ ಐದುನೂರು ವರ್ಷಗಳಿಂದ ಜೊತೆಯಾಗಿ ಬಾಳಿವೆ.

ಆದರೆ ಹತ್ತೊಂಬತ್ತನೆಯ ಶತಮಾನದ ನಡುವೆ ಹಕೀಮ ಎಂಬ ಪದಕ್ಕೆ ಹೊಸದೊಂದು ಅರ್ಥ ಸೇರಿತು. 1846ರಲ್ಲಿ, ನಾಲ್ಕನೆಯ ನಿಜಾಮ ನಾಸಿರುದ್ದೌಲನ ಕಾಲದಲ್ಲಿ, ಹೈದರಾಬಾದಿನಲ್ಲಿ ಒಂದು ವೈದ್ಯಶಾಲೆ ಆರಂಭವಾಯಿತು. ಅದನ್ನು ನಡೆಸಿದವನು ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ವಿಲಿಯಂ ಕ್ಯಾಂಬೆಲ್ ಮೆಕ್ಲೀನ್. ಕಲಿಸುತ್ತಿದ್ದುದು ಪಾಶ್ಚಾತ್ಯ ವೈದ್ಯ. ಕಲಿಸುತ್ತಿದ್ದ ಭಾಷೆ ಉರ್ದು. ಅಂಗರಚನೆ, ಶಸ್ತ್ರಚಿಕಿತ್ಸೆ, ಔಷಧಶಾಸ್ತ್ರಗಳನ್ನು ದೇಶಭಾಷೆಯಲ್ಲಿ ಬೋಧಿಸಿದ ಆ ಶಾಲೆಯಿಂದ 1850ರ ದಶಕದಲ್ಲಿ ಉರ್ದು ವೈದ್ಯಪತ್ರಿಕೆಯೂ ಹೊರಟಿತು. 1880ರ ದಶಕದಲ್ಲಿ ಬೋಧನೆ ಇಂಗ್ಲಿಷಿಗೆ ತಿರುಗಿತಾದರೂ ಪದವಿಯ ಹೆಸರು ಬದಲಾಗಲಿಲ್ಲ. ಕ್ಲೋರೋಫಾರಂ ಕೊಡುವ ವಿದ್ಯೆಯಲ್ಲಿ ಹೆಸರಾದ ರೂಪಾಬಾಯಿ ಫರ್ದೂನ್‌ಜಿ 1885ರಲ್ಲಿ ಅದೇ ಶಾಲೆಯನ್ನು ಸೇರಿ 1889ರಲ್ಲಿ ಪಡೆದದ್ದು ‘ಹಕೀಮ’ ಪದವಿಯನ್ನೇ. ಕ್ಲೋರೋಫಾರಂ ಪರೀಕ್ಷಿಸಲು 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ನಡೆದ ಎರಡು ಆಯೋಗಗಳಿಂದ ಹೈದರಾಬಾದಿನ ಹೆಸರು ಲಂಡನ್ನಿನ ವೈದ್ಯರ ಬಾಯಲ್ಲೂ ಬಂದಿತು. ಹೀಗಿರುವಾಗ ಮನೆಯ ಹಿರಿಯರನ್ನು ಹಕೀಮ ಎಂದು ಕರೆದ ಮಾತ್ರಕ್ಕೆ ಅವರು ನಾಡಿ ನೋಡಿ ಶರಬತ್ತು ಕೊಟ್ಟವರೆಂದು ತೀರ್ಮಾನಿಸುವಂತಿಲ್ಲ. ಅವರು ಕತ್ತರಿ ಹಿಡಿದ ಸರ್ಜನ್ನರೂ ಆಗಿರಬಹುದು.

ಹಾಗಾದರೆ ನಿರ್ಣಯಿಸುವುದು ಹೇಗೆ? ಮೊದಲು ಮನೆಯಲ್ಲಿ ಉಳಿದ ಕಾಗದದ ಭಾಷೆಯನ್ನು ನೋಡಬೇಕು. ಆ ಕಾಲದಲ್ಲಿ ನಮ್ಮ ಭಾಗದ ತರುಣನಿಗೆ ಹೈದರಾಬಾದಿನ ಜೊತೆಗೆ ಬೇರೆ ದಾರಿಗಳೂ ಇದ್ದುವು. 1845ರಲ್ಲಿ ಆರಂಭವಾದ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಇಂಗ್ಲಿಷಿನಲ್ಲಿ ಕಲಿಸುತ್ತಿತ್ತು. 1860ರ ದಶಕದಿಂದ ಅಲ್ಲಿ ಮರಾಠಿ, ಗುಜರಾತಿ ತರಗತಿಗಳೂ ನಡೆದುವು. 1878ರಲ್ಲಿ ಪುಣೆಯಲ್ಲಿ ಬೈರಾಮ್‌ಜಿ ಜೀಜೀಭಾಯಿ ವೈದ್ಯಶಾಲೆ ತೆರೆಯಿತು. ದಕ್ಷಿಣಕ್ಕೆ, 1835ರಲ್ಲೇ ಹುಟ್ಟಿದ ಮದರಾಸಿನ ಶಾಲೆಯಿತ್ತು. ಔರಾದ ಸೀಮೆಯ ಮರಾಠಿ ಬಲ್ಲ ಮನೆಯ ಹುಡುಗನು ಪುಣೆಯ ಕಡೆಗೆ ಮುಖ ಮಾಡಿದ್ದರೆ ಸೋಜಿಗವಲ್ಲ. ಆದ್ದರಿಂದ ಸನ್ನದು ಉರ್ದುವಿನಲ್ಲಿದ್ದರೆ ಹೈದರಾಬಾದು, ಮರಾಠಿಯಲ್ಲಿದ್ದರೆ ಪುಣೆ ಅಥವಾ ಮುಂಬಯಿ ಎಂದು ಹುಡುಕಾಟವನ್ನು ಆರಂಭಿಸಬಹುದು. ನಮ್ಮ ಮನೆಯ ಕಾಗದ ಉರ್ದುವಿನದು. ಅದರಲ್ಲಿ ‘ಮದ್ರಸಾ’, ‘ತಿಬಾಬತ್’ ಎಂಬ ಎರಡು ಮಾತುಗಳು ಸ್ಪಷ್ಟವಾಗಿವೆ. ಜೊತೆಗಿರುವ ಮೋಡಿ ಲಿಪಿಯ ಖರ್ಚಿನ ಪುಸ್ತಕದಲ್ಲಿ ಶುಂಠಿ, ಹಿಪ್ಪಲಿಗಳ ಪಕ್ಕದಲ್ಲಿಯೇ ‘ಕುನೈನ್’ ಎಂದು ಬರೆದಿದೆ. ಮನೆಯ ಹಕೀಮಜ್ಜ ಯಾವ ಶಾಲೆಯವರೆಂಬುದಕ್ಕೆ ಈ ಮೂರು ಮಾತುಗಳು ಒಟ್ಟಾಗಿ ಬಲವಾದ ಸಾಕ್ಷಿ.

ಎರಡನೆಯದು ಇಸವಿಯ ತೊಡಕು. ಕಾಗದದಲ್ಲಿ 1285 ಎಂದಿದೆಯೆನ್ನಿ. ಅದು ಹಿಜರಿಯಾದರೆ ಕ್ರಿ.ಶ. 1868-69. ನಿಜಾಮ ಸಂಸ್ಥಾನದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಫಸಲಿಯಾದರೆ ಸುಮಾರು 590 ಕೂಡಿಸಬೇಕು. ಆಗ 1875-76 ಆಗುತ್ತದೆ. ಏಳು ವರ್ಷಗಳ ಈ ಅಂತರ ಸಣ್ಣದಲ್ಲ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಹುಡುಗನು ಇಡೀ ದಾರಿಯನ್ನು ಎತ್ತಿನ ಗಾಡಿಯಲ್ಲಿ ಸವೆಸಿದನೊ, ವಿಕಾರಾಬಾದಿನವರೆಗೆ ಹೋಗಿ ಹೊಗೆಗಾಡಿ ಹತ್ತಿದನೊ ಎಂಬುದು ಕೂಡ ಆ ಒಂದು ಅಂಕಿಯ ಓದಿನ ಮೇಲೆ ನಿಂತಿದೆ.

ಮೂರನೆಯದು ಸರಕಾರಿ ದಫ್ತರ. ನಿಜಾಮ ಸಂಸ್ಥಾನದ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಶಾಲೆಯ ಮೇಲ್ವಿಚಾರಕನು ರೆಸಿಡೆನ್ಸಿಯ ಸರ್ಜನ್ನನಾಗಿದ್ದುದರಿಂದ, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿಯ ದಾಖಲೆಗಳನ್ನೂ ನೋಡಬೇಕಾಗುತ್ತದೆ. ಬೀದರ ಜಿಲ್ಲೆಯ ಬಹಳಷ್ಟು ಊರುಗಳು ಪಾಯಗಾ ಜಾಗೀರುಗಳಿಗೆ ಸೇರಿದ್ದುವು. ಅಲ್ಲಿ ನೌಕರಿ ಮಾಡಿದವರನ್ನು ದಿವಾನಿ ಕಡತಗಳಲ್ಲಷ್ಟೇ ಹುಡುಕಿದರೆ ಸಾಲದು. ಇನ್ನು ಅಂದಿನ ವೈದ್ಯರು ಕೆಲಸ ಮಾಡಿದ ದೊಡ್ಡ ದವಾಖಾನೆ 1866ರ ಅಫ್ಜಲ್‌ಗಂಜ್ ಆಸ್ಪತ್ರೆ. 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಮಹಾಪೂರ ಅದನ್ನು ನೆಲಸಮ ಮಾಡಿತು. ಆದಕಾರಣ ಮನೆಯ ಪೆಟ್ಟಿಗೆಯಲ್ಲಿರುವ ಒಂದು ಹಾಳೆಗೆ ಕಚೇರಿಯ ಕಡತಕ್ಕಿಂತ ಹೆಚ್ಚಿನ ಬೆಲೆ ಬರಬಹುದು.

ಆ ಹಾಳೆಯನ್ನು ಓದುವವರು ಯಾರು? ನಿಜವಾದ ಪ್ರಶ್ನೆ ಇದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಮರ್ಯಾದೆಯ ಸ್ಥಾನವಿರಲಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಭಾಗದವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1948ರ ಕಹಿ ದಿನಗಳು ಕಳೆದು, 1956ರ ನವೆಂಬರ್ 1ರಂದು ಬೀದರ ಕನ್ನಡ ರಾಜ್ಯವನ್ನು ಸೇರಿದ ಮೇಲೆ, ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ತಲೆಯೆತ್ತಿ ಕಲಿತರು. ಅದು ನ್ಯಾಯವಾಗಿ ಬಂದ ಗೆಲುವು. ಆದರೆ ಅದರ ಹಿಂದೆಯೇ ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯಿತು. ಉರ್ದು, ಮೋಡಿ ಲಿಪಿಗಳನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಯಾರಿಗೂ ತಿಳಿಯದ ಕಾಗದಗಳು ಸೇರಿನ ಲೆಕ್ಕದಲ್ಲಿ ರದ್ದಿಯವನ ತಕ್ಕಡಿಯನ್ನೇರಿದುವು. ಅವು ಪರರ ಕಾಗದಗಳಲ್ಲ. ಅವುಗಳ ಲಿಪಿ ದರ್ಬಾರಿನದಿರಬಹುದು. ಅವು ಹೇಳುವ ಬಾಳು ಭಾಲ್ಕಿಯ ಜ್ವರದ, ಔರಾದದ ಬಾಣಂತಿಯ, ಬೀದರಿನ ಬಡ ನೇಕಾರನ ಬಾಳು. ಪಟ್ಟದ್ದೇವರ ಶಾಲೆಯಂತೆಯೇ ಈ ಕಾಗದಗಳಿಗೂ ಹೊರಗಿನ ಫಲಕ ಮಾತ್ರ ಉರ್ದು.

ನಮ್ಮ ಆಡುಮಾತಿನಲ್ಲಿ ಆಸ್ಪತ್ರೆ ಇಂದಿಗೂ ದವಾಖಾನೆಯೇ. ನಾಲಗೆ ಮರೆಯದ್ದನ್ನು ಕಣ್ಣು ಮರೆತಿದೆ. ಬೀದರ ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವ ಹತ್ತು ಜನ ತರುಣರು ಉರ್ದು ಲಿಪಿಯನ್ನೂ ಮೋಡಿಯನ್ನೂ ಓದಲು ಕಲಿತರೆ, ಎಷ್ಟೋ ಮನೆಗಳ ಅಟ್ಟದ ಮೇಲಿನ ಗಂಟುಗಳು ಮತ್ತೆ ಮಾತಾಡಿಯಾವು. ಅದರಿಂದ ಕನ್ನಡದ ಸಂಪತ್ತು ಹೆಚ್ಚುವುದೇ ಹೊರತು ಕುಂದುವುದಿಲ್ಲ. ಅಲ್ಲಿಯವರೆಗೆ ಒಂದು ಬಿನ್ನಹ: ನಿಮ್ಮ ಮನೆಯಲ್ಲಿ ಓದಲು ಬಾರದ ಹಳೆಯ ಕಾಗದವಿದ್ದರೆ ದಯಮಾಡಿ ಅದನ್ನು ತೂಕಕ್ಕೆ ಹಾಕಬೇಡಿ. ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿಡಿ. ಓದುವವರು ಬಂದಾರು.